ಮೂರನೇ ಬಿಳಿ ಪಟ್ಟಿ

ಹೋದ ತಿಂಗಳ ಹೆಬ್ಬಳ್ಳಿಯಿಂದ ಫಕೀರಪ್ಪನ ಮಗ ಬಂದಿದ್ದ. ಸ್ಕೂಟರಿನ ಮುಂದ ಕಾಲ ನಡುವ ಹಾರ್ಮೋನಿಯಂ ಪೇಟಿ ಇಟ್ಕೊಂಡು, ಮಳ್ಯಾಗ ತೋಯಬಾರದಂತ ಗೊಬ್ಬರದ ಚೀಲ ಸುತ್ತಿ ತಂದಿದ್ದ. ಚೀಲ ಬಿಚ್ಚಿ ಮುಚ್ಚಳ ತಗದೆ. ಮೊದಲ ಡಾಂಬರ ಗುಳಿಗಿ ವಾಸನಿ ಬಂತು, ಅದರ ಹಿಂದ ಅರಗಿನ ಪಾಲಿಶಿನ ವಾಸನಿ. ಆ ಪಾಲಿಶ್ ನಮ್ಮ ಮನಿಯವರು ಹಚ್ಚಿದ್ದು. ಅರಗು ಎಷ್ಟು, ಸ್ಪಿರಿಟ್ ಎಷ್ಟು ಅನ್ನೋದು ಅವರದ ಒಂದು ಹದ ಇತ್ತು. ಬ್ಯಾರೆಯವರ ಪಾಲಿಶ್ ಹಂಗ ನಾರೂದಿಲ್ಲ.

ಅಪ್ಪಾ ಹೋಗಿ ಎರಡು ತಿಂಗಳಾತ್ರಿ ಅಜ್ಜಿ ಅಂದ. ನನಗ ಯಾರೂ ಹೇಳಿರಲಿಲ್ಲ. ಪೇಟಿ ಈಗ ಊರಾಗಿನ ಭಜನಿ ಮಂದಿ ಬಾರಸ್ತಾರಂತ. ಒಂದು ಸುರ ತಗ್ಗೈತಿ, ಹಾಡೋರಿಗೆ ಹೊಂದವಲ್ದು, ಸರಿ ಮಾಡಿ ಕೊಡ್ರಿ ಅಂದ. ಯಾವ ಸುರ ಅಂತ ನಾ ಕೇಳಲಿಲ್ಲ. ಅಂವನ ಬೊಟ್ಟಿಟ್ಟು ತೋರಿಸಿದ. ನಡುವಿನ ಸಾಲಿನ್ಯಾಗ ಮೂರನೇ ಬಿಳಿ ಪಟ್ಟಿ.

ನಾಳಿ ಬಾ ಅಂತ ಹೇಳಿ ಕಳಿಸಿದೆ. ಪೇಟಿ ಮುಂದಿಟ್ಕೊಂಡು ಕೂತೆ. ಎರಡು ವರ್ಷದ ಹಿಂದಿನ ಮಳಿಗಾಲ ಪೂರಾ ಆ ಒಂದು ಪಟ್ಟಿ ಕೆಳಗ ಅದ.

ನಮ್ಮ ಮನಿಯವರಿಗೆ ಓಣಿ ಮಂದಿ ಪೇಟಿ ಸಾಬರು ಅಂತಿದ್ರು. ಹಳೇ ಹುಬ್ಬಳ್ಳ್ಯಾಗ ರಸ್ತಾಕ್ಕ ಹತ್ತಿದಂಗ ಪೇಟಿ ರಿಪೇರಿ ಅಂಗಡಿ, ಅದರ ಹಿಂದ ಎರಡು ಖೋಲಿ ಮನಿ. ನಾ ಶಿರಗುಪ್ಪಿಯಾಕಿ. ಸಾಲಿ ನಾಕನೇ ಇಯತ್ತೆಗೆ ಮುಗೀತು. ಮದುವಿ ಆಗಿ ಬಂದಾಗ ಸುರ ಅಂದ್ರ ಏನಂತ ಗೊತ್ತಿರಲಿಲ್ಲ, ಈಗೂ ಪೂರಾ ಗೊತ್ತಿಲ್ಲ. ಬಾರಸಾಕ ಬರಂಗಿಲ್ಲ. ಕಿವಿ ಸುಮಾರು. ಕೈ ಮಾತ್ರ ಛಲೋ. ಪೇಟಿಯೊಳಗ ಒಂದೊಂದು ಪಟ್ಟಿಗೆ ಒಂದೊಂದು ಹಿತ್ತಾಳಿ ನಾಲಿಗಿ ಇರ್ತದ. ಅದರ ತುದಿ ಕೆರದ್ರ ಸುರ ಏರ್ತದ, ಬುಡ ಕೆರದ್ರ ಇಳೀತದ. ಕಡೀಗೆ ಆರೇಳು ವರ್ಷ ಅವರ ಕೈ ನಡಗಾಕತ್ತಿದ್ವು, ಕೆರಿಯೋ ಕೆಲಸ ನನಗ ಬಂತು. ಅವರು ಕಣ್ಣ ಮುಚ್ಕೊಂಡು ಕೇಳ್ತಿದ್ರು. ಇನ್ನೊಂದೀಟು ಅಂದ್ರ ಕೆರೀತಿದ್ದೆ, ಸಾಕು ಅಂದ್ರ ನಿಲ್ಲಸ್ತಿದ್ದೆ. ಮಕ್ಕಳು ಆಗಲಿಲ್ಲ ನಮಗ. ಮಾತೂ ಅಷ್ಟಕ್ಕಷ್ಟ. ಇನ್ನೊಂದೀಟು, ಸಾಕು, ಊಟಕ್ಕ ಏಳ್ರಿ. ಇಷ್ಟರಾಗ ದಿನಾ ಹೋಗ್ತಿದ್ವು.

ಮೂರು ವರ್ಷದ ಹಿಂದ ಬ್ಯಾಸಗ್ಯಾಗ ಮುಂಜಾನೆ ಚಹಾ ಕುಡದು ಕೂತವರು ಕೂತಲ್ಲೆ ಹ್ವಾದ್ರು. ಕಪಾಟಿನ್ಯಾಗ ಆರು ಪೇಟಿ ಇದ್ವು. ಎರಡು ನಮ್ಮವ, ಹಳೇವು. ಮೂರು ಪೇಟಿಯವರು ಸುದ್ದಿ ಕೇಳಿ ಬಂದು ತಮ್ಮತಮ್ಮವು ಒಯ್ದರು. ಆರನೇದು ಯಾರದಂತ ತಿಳೀಲಿಲ್ಲ. ಅವರಿಗೆ ಬರದಿಡೋ ರೂಢಿ ಇರಲಿಲ್ಲ, ಎಲ್ಲಾ ತಲ್ಯಾಗ. ಅವರು ಕಡೀಗೆ ಮುಟ್ಟಿದ ಪೇಟಿ ಅದು. ಅವರು ಹ್ವಾದಾಗ ಪಾಲಿಶ್ ಇನ್ನೂ ಕೈಗೆ ಅಂಟತಿತ್ತು. ಅದರ ಮಾಲಕ ಎಂದರ ಬಂದ ಬರ್ತಾನ, ಇವರು ಹೆಂಗ ಬಿಟ್ಟಾರೋ ಹಂಗ ಅದನ್ನ ಅವನ ಕೈಯಾಗ ಕೊಡಬೇಕು. ಆಮ್ಯಾಲ ನನಗ ಉಳದಿದ್ದ ಕೆಲಸ ಅದೊಂದ.

ಪೇಟಿ ಸುಮ್ಮ ಇಟ್ರ ಕೆಡ್ತದ. ಮಳಿಗಾಲದಾಗ ಹಿತ್ತಾಳಿ ಕಿಲುಬು ಹಿಡೀತದ, ಜಿರಳಿ ಒಳಗಿನ ಚರ್ಮಾ ತಿಂತಾವು. ಇವರು ಪ್ರತಿ ಗುರುವಾರ ಸಂಜಿಗೆ ಲೋಬಾನ ಹಾಕಿದ ಮ್ಯಾಲ ಎಲ್ಲಾ ಪೇಟಿ ಇಳಿಸಿ ಒಂದೊಂದಕ್ಕ ಗಾಳಿ ಹಾಕಿ ಬಾರಸ್ತಿದ್ರು. ಒಂದು ವರ್ಷ ಆ ಕೆಲಸ ನಾ ಮಾಡಿದೆ. ಬಾರಸಾಕ ಬರದಾಕಿ ಗಾಳಿ ಹಾಕಿದ್ರ ಎಮ್ಮಿ ಒದರಿದಂಗ ಆಗ್ತದ. ಬಾಜೂ ಬಾಡಿಗಿ ಮನ್ಯಾಗಿನ ಶಾಂತಾ, ಸಣ್ಣ ವಯಸ್ಸಿನಾಕಿ, ಬಾಯಿ ಭಾಳ, ಗೋಡಿ ಆ ಕಡೆಯಿಂದ, ಅಜ್ಜಿ ಯಾರನ್ನ ಕಟ್ಟೀರಿ ಒಳಗ ಅಂತಿದ್ಲು.

ಮುಂದಿನ ಮಳಿಗಾಲ ಶುರು ಆಗೋ ಹೊತ್ತಿಗೆ ಸಹನಾ ಅನ್ನೋ ಹುಡುಗಿ ಕುತಗಿ ಬಿಟ್ಟ ಗಿಟಾರ್ ತಗೊಂಡು ಬಂದ್ಲು. ವಿದ್ಯಾನಗರದಾಗ ಕಾಲೇಜಿಗೆ ಹೋಗಾಕಿ, ಅಲ್ಲೇ ಹಾಸ್ಟೆಲ್. ಅಂಟು ಹಾಕಿ, ಹಗ್ಗಾ ಬಿಗದು ಇಟ್ಟೆ. ಅದು ಒಣಗೋತನಕ ಸುಮ್ಮ ಯಾಕ ಕುಂದರ್ತಿ, ಈ ಮೂರು ಪೇಟಿಗೆ ಗಾಳಿ ಹಾಕು ಅಂದೆ. ಆಕಿ ಗಾಳಿ ಹಾಕಿ ಬಾರಸಿದ್ಲು. ಎಮ್ಮಿ ಹೋಗಿ ಮನಷ್ಯಾ ಮಾತಾಡಿದಂಗ ಆತು. ಗುರುವಾರ ಗುರುವಾರ ಬರ್ತಿ ಏನು ಅಂತ ಕೇಳಿದೆ. ಗೆಳತ್ಯಾರನ್ನ ಕರಕೊಂಡು ಬರಲಾ ಅಂದ್ಲು. ಕರಕೊಂಡು ಬಾ, ಚಹಾ ಕೊಡ್ತೇನಿ, ಉಪ್ಪಿಟ್ಟು ಅವಲಕ್ಕಿ ಕೇಳಬ್ಯಾಡ್ರಿ ಅಂದೆ.

ಮುಂದಿನ ಗುರುವಾರ ಇಬ್ಬರು ಗೆಳತ್ಯಾರು ಬಂದ್ರು. ಸಪ್ಪಳ ಕೇಳಿ ಪಾಟೀಲ ಕಾಕಾ ಬಂದ್ರು, ಬ್ಯಾಂಕಿನಿಂದ ರಿಟೈರ್ ಆದವರು, ಹಾಡೋ ಹುಚ್ಚು, ದನಿ ಮಾತ್ರ ಒಡದ ಗಡಗಿ. ಹಿಂದಿನ ಓಣಿ ಗೌಸ್ ಬಂದ, ಗಾಡಿ ರಿಪೇರಿಯಾಂವ. ತಬಲಾ ಬರ್ತದ ಅಂದ, ತಬಲಾ ಇರಲಿಲ್ಲ, ನನ್ನ ಎಣ್ಣಿ ಡಬ್ಬಿ ಬೋರಲ ಹಾಕ್ಕೊಂಡು ಕೂತ. ಕೂತ ಮ್ಯಾಲ ಜಗಳ. ಕಾಕಾಗ ಭಜನಿ ಬೇಕು, ಹುಡುಗ್ಯಾರಿಗೆ ಸಿನಿಮಾ ಹಾಡು, ಗೌಸಗ ಖವ್ವಾಲಿ. ಅರ್ಧಾ ತಾಸು ಅದ ನಡೀತು, ಪೇಟಿಗೆ ಒಂದು ಉಸಿರು ಗಾಳಿ ಬೀಳಲಿಲ್ಲ. ನನಗ ಸಿಟ್ಟ ಬಂತು.

“ಯಾವ ಹಾಡೂ ಬ್ಯಾಡ,” ಅಂದೆ. “ಕಡೀಗೆ ಬಂದವರು ಒಂದು ಸುರ ಹಿಡೀರಿ. ಉಳದವರು ಅದರ ಹಿಂದ ಹೋಗ್ರಿ. ಗೊತ್ತಿದ್ದ ಹಾಡು ಯಾರರ ಹಾಡಿದ್ರ ಚಹಾ ಇಲ್ಲ.”

ಅವತ್ತ ಕಡೀಗೆ ಬಂದಾಂವ ಗೌಸ್. ಡಬ್ಬಿ ಮ್ಯಾಲ ಬಡದ. ಸಹನಾ ತಂತಿ ಮೀಟಿದ್ಲು, ಗೆಳತ್ಯಾರು ಪೇಟಿ ಹಿಡದ್ರು. ಕಾಕಾ ಹೆದರಿ ಹೆದರಿ ಒಂದು ಆಲಾಪ ತಗದ್ರು. ಸಂತಿ ಗದ್ದಲ ಆಗಿ ಹೋತು. ಆದ್ರ ಮೂರೂ ಪೇಟಿಗೆ ಒಂದು ತಾಸು ಗಾಳಿ ಬಿತ್ತು. ನನಗ ಬೇಕಾದದ್ದು ಅಷ್ಟ ಅಂತ ನಾ ತಿಳ್ಕೊಂಡಿದ್ದೆ.

ಹಂಗ ಹತ್ತಿದ್ದು ಬಿಡಲಿಲ್ಲ. ಇದಕ್ಕ ಜಾಮ್ ಅಂತಾರಜ್ಜಿ, ದೊಡ್ಡ ಊರಾಗ ಟಿಕೆಟ್ ಹಚ್ಚಿ ಮಾಡ್ತಾರ ಅಂತ ಸಹನಾ ಹೇಳಿದ್ಲು. ನನಗ ಗೊತ್ತಿದ್ದ ಜಾಮ್ ಅಂದ್ರ ರಸ್ತಾ ಬಂದಾಗೋದು. ಜುಲೈ ತಿಂಗಳದಾಗ ನಮ್ಮ ಓಣ್ಯಾಗ ಅದೂ ಆತು. ಸ್ಕೂಟರ್ ಮ್ಯಾಲ ಸ್ಕೂಟರ್ ಹಚ್ಚಿ ಬರ್ತಿದ್ರು. ಕೊಳಲಿನಾಂವ ಒಬ್ಬ, ದಪ್ಪು ಬಡಿಯಾಂವ ಒಬ್ಬ, ಸುಮ್ಮ ಕೇಳಾಕ ಬಂದು ಕಡೀಗೆ ಚಪ್ಪಾಳಿ ಬಡಿಯೋರು ನಾಕು ಮಂದಿ. ಶಾಂತಾ ಬಾಗಲದಾಗ ನಿಂತು ಬೈದು, ಚಹಾ ಕುಡದು, ಮತ್ತ ಬೈದು ಹೋಗ್ತಿದ್ಲು. ಕಾಕಾ ಗೌಸಗ, ಅದು ಟಾಯರ್ ಅಲ್ಲಪಾ, ಸಾವಕಾಶ ಬಡಿ ಅಂತಿದ್ರು. ಗೌಸ್, ಕಾಕಾ, ನಿಮ್ಮ ದನೀಗೆ ಬ್ರೇಕ್ ಹಾಕಿಸ್ಕೊಳ್ರಿ, ನನ್ನ ಗ್ಯಾರೇಜಿಗೆ ಬರ್ರಿ ಅಂತಿದ್ದ.

ಹೊರಗ ಜಿಟಿಜಿಟಿ ಮಳಿ, ಮ್ಯಾಲ ತಗಡು, ಒಳಗ ಇವರು. ಹತ್ತರಾಗ ಏಳು ಸಲ ಬರೇ ಗದ್ದಲ. ಒಮ್ಮೊಮ್ಮೆ ಮಾತ್ರ ಯಾರೂ ಹೇಳದ ಎಲ್ಲಾರೂ ಒಂದ ಕಡೆ ಹೊಳ್ಳತಿದ್ರು, ದನದ ಹಿಂಡು ಮನಿ ದಾರಿ ಹಿಡದಂಗ. ಆವಾಗ ಕಾಕಾನ ದನಿನೂ ಛಲೋ ಕೇಳಸ್ತಿತ್ತು. ನಾ ಬಾಗಲ ಹತ್ರ ಸ್ಟೂಲ್ ಮ್ಯಾಲ ಕೂತು, ಯಾವ ಪೇಟಿ ಎಷ್ಟೊತ್ತು ಆತು ನೋಡಿ ಬದಲ ಮಾಡಸ್ತಿದ್ದೆ. ಆರನೇ ಪೇಟಿ ಸಹನಾಗ ಮಾತ್ರ ಕೊಡ್ತಿದ್ದೆ, ಆಕಿ ಕೈ ಮೆತ್ತಗ.

ಒಂಬತ್ತರೊಳಗ ಎಲ್ಲಾರನ್ನೂ ಎಬ್ಬಸ್ತಿದ್ದೆ. ಅವರು ಹ್ವಾದ ಮ್ಯಾಲ ಕಪ್ಪು ತೊಳೀತಿದ್ದೆ, ಚಾಪಿ ಸುತ್ತತಿರಲಿಲ್ಲ. ಶುಕ್ರವಾರ ಸಂಜಿತನಕ ಹಂಗ ಹಾಸಿ ಇರ್ತಿತ್ತು. ಶನಿವಾರ, ರವಿವಾರ, ಸೋಮವಾರ ಯಾರೂ ಬರಂಗಿಲ್ಲ. ಬುಧವಾರ ಕಪ್ಪು ಮತ್ತೊಮ್ಮೆ ತೊಳೀತಿದ್ದೆ. ತೊಳದ ಕಪ್ಪು ಯಾಕ ತೊಳೀತೀರಿ ಅಂತ ಶಾಂತಾ ಕೇಳಿದ್ಲು. ಧೂಳ ಕೂಡತದ ಅಂದೆ. ಮಳಿಗಾಲದಾಗ ಎಲ್ಲಿ ಧೂಳ.

ಶ್ರಾವಣದಾಗ ಒಂದು ಗುರುವಾರ ಸಹನಾ ಆರನೇ ಪೇಟಿ ಬಾರಸೋದು ನಿಲ್ಲಿಸಿದ್ಲು. ಅಜ್ಜಿ, ಈ ಪೇಟ್ಯಾಗ ಒಂದು ಸುರ ತಗ್ಗೈತಿ ನೋಡ್ರಿ ಅಂದ್ಲು. ಮೂರನೇ ಬಿಳಿ ಪಟ್ಟಿ. ಆಕಿ ಗೆಳತಿ ಮೊಬೈಲ್ ತಗದು ಪೇಟಿ ಮುಂದ ಹಿಡದ್ಲು. ಅದರಾಗ ಮುಳ್ಳು ಇರ್ತದ, ಸುರ ಸರಿ ಇದ್ರ ಹಸರು, ತಪ್ಪಿದ್ರ ಕೆಂಪು. ಎಲ್ಲಾ ಪಟ್ಟಿಗೂ ಹಸರು ಬಂತು, ಆ ಒಂದಕ್ಕ ಕೆಂಪು. ಪಾಟೀಲ ಕಾಕಾ ಸಾವಕಾಶ ಅಂದ್ರು, ಪಾಪ, ಸಾಬರ ಕೈ ಕಡೀಕಡೀಗೆ ನಡಗತಿದ್ವಲ್ಲ, ಹಂಗಾಗಿರಬೇಕು.

ಕಾಕಾ ಕೆಟ್ಟ ಮನಷ್ಯಾ ಅಲ್ಲ. ಆದ್ರ ಆ ಮಾತು ನನಗ ನಟ್ಟಿತು. ಇವರು ಬಿಟ್ಟಂಗ ಕೊಡಬೇಕು ಅಂತ ಒಂದು ವರ್ಷ ಕಾದಾಕಿ. ಈಗ ಮಾಲಕ ಬಂದು, ಇವರ ಕಡೀ ಕೆಲಸ ಸೊಟ್ಟಾಗ್ಯಾದ ಅಂದ್ರ ಏನ ಮಾಡ್ಲಿ. ಎದ್ದು ಕೆರಿಯೋ ಉಳಿ ತಂದೆ. ಹಲಗಿ ಬಿಚ್ಚಿ ಆ ನಾಲಿಗಿ ತುದಿ ಕೆರದೆ. ಮೊಬೈಲ್ ಮುಂದ ಇಟ್ಕೊಂಡು ಕೆರದೆ. ಕೆಂಪು ಇದ್ದದ್ದು ಹಳದಿ ಆತು, ಹಳದಿ ಇದ್ದದ್ದು ಹಸರು ಆತು. ಎಲ್ಲಾರೂ ಚಪ್ಪಾಳಿ ಬಡದ್ರು. ನನಗ ಹೆಮ್ಮಿ ಆತು, ಸುಳ್ಳ ಯಾಕ ಹೇಳ್ಲಿ. ಅವರ ತಪ್ಪು ಮಂದಿಗೆ ಕಾಣದಂಗ ಮುಚ್ಚಿದೆ ಅಂದ್ಕೊಂಡು ಅವತ್ತ ಛಲೋ ನಿದ್ದಿ ಮಾಡಿದೆ.

ಗಣಪತಿ ಕಳಿಸಿದ ಮ್ಯಾಲಿನ ಗುರುವಾರ ಫಕೀರಪ್ಪ ಬಂದ. ಮಗನ ಸ್ಕೂಟರಿನಿಂದ ಇಳದು, ಕೋಲ ಊರಕೊಂಡು, ಬಗಲಾಗ ಅರಿವ್ಯಾಗ ಸುತ್ತಿದ ಸನಾದಿ. ಕೂತವರನ್ನ ನೋಡಲಿಲ್ಲ, ಸೀದಾ ಸಹನಾನ ಮುಂದಿನ ಪೇಟಿ ನೋಡಿದ. “ಭಾಬಿ, ಅದು ನನ್ನ ಪೇಟಿ,” ಅಂದ.

ಹೆಬ್ಬಳ್ಳಿ ಸನಾದಿಯಾಂವ. ಪಾಲಿಶ್ ಒಣಗಲಿ, ಮುಂದಿನ ವಾರ ಒಯ್ಯಿ ಅಂದಿದ್ರಂತ ಇವರು. ಆ ವಾರದಾಗ ಇಲ್ಲಿ ಇವರು ಹ್ವಾದ್ರು, ಅಲ್ಲಿ ಇಂವ ಬಿದ್ದು ಸೊಂಟದ ಚಪ್ಪಿ ಎಲಬು ಮುರಕೊಂಡ. ಒಂದು ವರ್ಷ ಹಾಸಿಗಿ. ಸಾಬರ ಅಂಗಡ್ಯಾಗ ಗುರುವಾರ ಗುರುವಾರ ಬಾರಸ್ತಾರಂತ ಯಾರೋ ಹೇಳಿದ್ದು ಕೇಳಿ ಬಂದಿದ್ದ. ನನಗ ಎಷ್ಟು ಹಗರ ಆತು ಅಂದ್ರ, ಅವತ್ತ ಚಹಾಕ್ಕ ಸಕ್ಕರಿ ಎರಡ ಸಲ ಹಾಕಿದೆ. ಕಡೀಗೆ ಬಂದವರು ಶುರು ಮಾಡಬೇಕು, ಇಲ್ಲಿ ರೂಢಿ ಹಂಗೈತಿ ಅಂದೆ. ಅಂವ ನಕ್ಕು ಸನಾದಿ ಬಿಚ್ಚಿದ.

ಊದಿದ. ಅಂಗಡಿ ತುಂಬ ದನಿ ನಿಂತುಬಿಟ್ಟಿತು. ಗೌಸ್ ಬೊಟ್ಟಿನ ತುದೀಲೆ ಡಬ್ಬಿ ಮುಟ್ಟಿದ. ಸಹನಾ ಪೇಟಿ ಹಿಡಕೊಂಡು ಅವನ ಹಿಂದ ಹೊಂಟ್ಲು. ಏರತಾ ಏರತಾ ಒಂದು ಕಡೆ ಬಂದಾಗ ಎರಡೂ ದನಿ ಒಂದಕ್ಕೊಂದು ತಿಕ್ಕಿದ್ವು. ನನ್ನ ಸುಮಾರ ಕಿವಿಗೂ ತಿಳೀತು. ಅಂವ ಹೊಳ್ಳಿ ಬಂದ, ಮತ್ತ ಅಲ್ಲೇ ತಿಕ್ಕಿತು. ಸನಾದಿ ಕೆಳಗಿಟ್ಟ. ಪೇಟಿ ಹತ್ರ ಸರದು, ಆ ಒಂದು ಪಟ್ಟಿ ಒತ್ತಿ ಹಿಡದ.

“ಇದನ್ನ ಯಾರ ಮುಟ್ಟ್ಯಾರ?”

“ನಾನ,” ಅಂದೆ.

ಅಂವಗ ಸಿಟ್ಟ ಬರಲಿಲ್ಲ, ಬಂದಿದ್ರ ಛಲೋ ಇತ್ತು. ನನ್ನ ಸನಾದಿ ಒಂದು ತೂತಿನ್ಯಾಗ ಒಂದೀಟು ತಗ್ಗೈತಿ ಭಾಬಿ, ನಮ್ಮಪ್ಪನ ಕಾಲದ್ದು, ಅದನ್ನೇನೂ ಮಾಡಾಕ ಬರಂಗಿಲ್ಲ ಅಂದ. ಅದಕ್ಕ ಸಾಬರು ಪೇಟಿನ ಅಷ್ಟು ಇಳಿಸಿ ಕೊಡ್ತೇನಿ ಅಂದ್ರು. ಒಂದು ದಿನಾ ಪೂರಾ ನಾ ಸನಾದಿ ಊದಿದೆ, ಅವರು ಕೆರದ್ರು. ಕೈ ನಡಗತಿದ್ವು, ಅದಕ್ಕ ಅಷ್ಟೊತ್ತು ಆತು ಅಂದ.

ಆವಾಗ ನನಗ ನೆನಪಾತು. ಅವತ್ತ ಮುಂಜಾನಿಂದ ಅಂಗಡ್ಯಾಗ ಒಂದ ಸುರ. ಸನಾದಿ ಒಮ್ಮೆ, ಪೇಟಿ ಒಮ್ಮೆ. ನನಗ ತಲಿ ಹಿಡದಿತ್ತು. ಇವರು ಎರಡ ಸಲ ಕರದ್ರು, ಬಾ ಇಲ್ಲೆ, ಇದನ್ನೊಂದೀಟು ಕೆರಿ ಅಂತ. ಮುಂಜಾನಿಂದ ಒಂದ ಸುರ ಕುಟ್ಟಾಕತ್ತೀರಿ, ಕಿವಿ ತೂತ ಬಿತ್ತು, ನಿಮ್ಮ ಕೆಲಸ ನೀವ ಮಾಡ್ಕೊಳ್ರಿ ಅಂದು ನಡುವಿನ ಬಾಗಲಾ ಹಾಕ್ಕೊಂಡೆ. ಬಂದವರು ಯಾರು ಅಂತ ಹಣಿಕಿನೂ ಹಾಕಲಿಲ್ಲ. ಆರನೇ ಪೇಟಿ ಯಾರದು ಅಂತ ನನಗ ತಿಳೀದ ಹೋದದ್ದು ಅದಕ್ಕ. ವಾರದಾಗ ಅವರು ಹ್ವಾದ್ರು, ಆ ದಿನಾನೂ ನನ್ನ ತಲಿಯಿಂದ ಅಳಿಸಿ ಹೋಗಿತ್ತು.

ಎಲ್ಲಾರೂ ನನ್ನ ನೋಡಾಕತ್ತಿದ್ರು. ಉಳಿ ತಂದೆ. ಬುಡ ಕೆರದು ಇಳಿಸಿಬಿಡ್ತೇನಿ, ಅವರು ಬಿಟ್ಟಿದ್ದ ಜಾಗಾಕ್ಕ ತರ್ತೇನಿ ಅಂದೆ. ಫಕೀರಪ್ಪ ಊದಿದ, ನಾ ಕೆರದೆ. ಅವರು ಕೆರದು, ಮ್ಯಾಲ ನಾ ಕೆರದು, ಹಿತ್ತಾಳಿ ಈರುಳ್ಳಿ ಪೊರಿಯಂಗ ಆಗಿತ್ತು. ನಾಕನೇ ಸಲಕ್ಕ ನಾಲಿಗಿ ಮುರದು ಉಳಿಗೆ ಅಂಟಕೊಂಡು ಬಂತು. ಸಪ್ಪಳನೂ ಆಗಲಿಲ್ಲ.

ಆಮ್ಯಾಲ ಯಾರೂ ಬಾರಸಲಿಲ್ಲ. ಸಹನಾ ಅಳಾಕತ್ತಿದ್ಲು, ನಾ ಹೇಳಬಾರದಾಗಿತ್ತು ಅಜ್ಜಿ ಅಂತ. ನಿನ್ನ ಕಿವಿ ತಪ್ಪಿಲ್ಲ, ಚಹಾ ಕುಡಿ ಅಂದೆ. ಫಕೀರಪ್ಪ ಸನಾದಿ ಸುತ್ತಿಕೊಂಡು, ಶನಿವಾರ ಮುಂಜಾನೆ ಬರ್ತೇನಿ ಭಾಬಿ, ಬ್ಯಾರೆ ನಾಲಿಗಿ ಹಾಕೂಣು ಅಂದ.

ಶನಿವಾರ ಬಂದ. ಇವರ ತಗಡಿನ ಡಬ್ಬ್ಯಾಗ ಹಳೇ ನಾಲಿಗಿ ಇದ್ವು, ಒಂದು ದಪ್ಪನ್ನ ಆರಿಸಿ ಕೂಡಿಸಿದೆ. ಅಂವ ಊದಿದ, ನಾ ಕೆರದೆ. ಹೆದರಿ ಹೆದರಿ ಕೆರೀತಿದ್ದೆ, ಒಂದು ಕೂದಲದಷ್ಟು ಕೆರಿಯೋದು, ಕೇಳೋದು. ಇನ್ನೊಂದೀಟು ಅಂತಿದ್ದ. ಒಂದು ವರ್ಷದ ಮ್ಯಾಲ ಆ ಮಾತು ಕೇಳಿದೆ. ಮಧ್ಯಾಹ್ನ ಆತು, ರೊಟ್ಟಿ ತಿಂದ್ವಿ, ಮತ್ತ ಕೂತ್ವಿ. ಇಳಿಹೊತ್ತಿನ್ಯಾಗ ಶಾಂತಾನ ಕಿಡಕಿ ತಗೀತು.

“ಏನ್ರಿ ಅಜ್ಜಿ, ಹೊತ್ತ ಹೊಂಟಾಗಿಂದ ಒಂದ ಸುರ. ನಾವು ಮನ್ಯಾಗ ಇರೋದು ಬ್ಯಾಡೇನು?” ಅಂದು ಧಡಕ್ಕನ ಮುಚ್ಚಿದ್ಲು.

ಫಕೀರಪ್ಪ ನಗಾಕತ್ತಿದ. ಅವತ್ತೂ ಒಳಗಿಂದ ಹಿಂಗ ಬೈಗಳಾ ಬಂದಿದ್ವು ಅಂದ.

“ಬೈದಾಕಿ ನಾನ,” ಅಂದೆ. “ಅವರು ಏನಂದ್ರು?”

“ಏನಂತಾರ, ನಕ್ಕರು. ಆಕಿ ಕೈ ಇದ್ರ ಇದು ಹತ್ತ ನಿಮಿಷದ ಕೆಲಸ ಅಂದ್ರು.”

ನಾ ಮತ್ತ ಉಳಿ ಹಿಡದೆ. ಕೆರಿಯೋದು ಇನ್ನೂ ಇತ್ತು. ಸಂಜೀಕ ಅಂವ ಸಾಕು ಅಂದ. ಸನಾದಿ, ಪೇಟಿ ಎರಡೂ ಒಂದ ಬಾಯಿಂದ ಬಂದಂಗ ಕೇಳಸ್ತು. ಅವರು ಬಿಟ್ಟಿದ್ದ ಸುರ ಅದು ಹೌದೋ ಅಲ್ಲೋ ಫಕೀರಪ್ಪಗ ಗೊತ್ತು. ಅವರ ಕೈ ಕೆಲಸ ಅಂತೂ ಅಲ್ಲ. ಪೇಟಿ ಒಯ್ದ.

ಆಮ್ಯಾಲ ಗುರುವಾರ ತೆಳ್ಳಗಾದ್ವು. ಹುಡುಗ್ಯಾರಿಗೆ ಪರೀಕ್ಷೆ ಬಂದ್ವು. ಕಾಕಾ ಬಂದ್ರ, ಸಾಬರ ಕೈ ಬಗ್ಗೆ ತಾವಂದ ಮಾತು ನೆನಪಾಗಿ ನನ್ನ ಮಾರಿ ನೋಡ್ತಿರಲಿಲ್ಲ, ಆಮ್ಯಾಲ ಬರೋದು ಬಿಟ್ರು. ದಸರಾ ಆದ ಮ್ಯಾಲ ಒಂದು ಗುರುವಾರ ಗೌಸ್ ಒಬ್ಬನ ಬಂದ. ಕಡೀಗೆ ಬಂದಾಂವನೂ ಅಂವನ, ಮೊದಲ ಬಂದಾಂವನೂ ಅಂವನ. ಒಂದು ಹತ್ತ ನಿಮಿಷ ಡಬ್ಬಿ ಬಾರಿಸಿದ, ನಾ ಬಾಜೂ ಕೂತು ಹಳೇ ಪೇಟಿಗೆ ಗಾಳಿ ಹಾಕಿದೆ. ಚಹಾ ಕುಡದು ಹ್ವಾದ. ಅವತ್ತ ಚಾಪಿ ಸುತ್ತಿ ಇಟ್ಟೆ.

ಹೋದ ತಿಂಗಳ ಪೇಟಿ ಬಿಟ್ಟು ಹೋದ ಮರುದಿನಾ ಫಕೀರಪ್ಪನ ಮಗ ಹೇಳಿದ ಹೊತ್ತಿಗೆ ಬಂದ. ಸನಾದಿ ಈಗ ಯಾರ ಊದ್ತಾರ ಅಂತ ಕೇಳಿದೆ. ಯಾರೂ ಇಲ್ರಿ, ಗ್ವಾಡಿಗೆ ತೂಗ ಹಾಕೇವಿ ಅಂದ. ಆ ತಗ್ಗಿದ ಸುರ ಮೂರು ಮಂದಿಗೆ ಬೇಕಾಗಿತ್ತು. ಇಬ್ಬರು ಹೋಗ್ಯಾರ. ಭಜನಿ ಮಂದಿ ಏನ ಪಾಪ ಮಾಡ್ಯಾರ, ಅವರು ಹಾಡಬೇಕಲ್ಲ.

ಹಲಗಿ ಬಿಚ್ಚಿದೆ. ಅಂವ ಮೊಬೈಲ್ ಹಿಡದ. ನಾಲಿಗಿ ದಪ್ಪಂದು ಹಾಕಿದ್ದೆನಲ್ಲ, ಮುರೀಲಿಲ್ಲ. ತುದಿ ಕೆರದೆ, ಹಸರು ಬಂತು. ಹತ್ತ ನಿಮಿಷದಾಗ ಮುಗೀತು. ಅಂವ ಚೀಲ ಸುತ್ತಿ ಪೇಟಿ ಒಯ್ದ.

ಶಾಂತಾ ಹೋದ ವರ್ಷನ ಮನಿ ಬಿಟ್ಟಾಳ. ಆ ಮನಿ ಈಗ ಪ್ಲಾಸ್ಟಿಕ್ ಕುರ್ಚಿಯ ಗೋದಾಮು. ಉಳಿ ಒರಸಿ ಇಡೋಮುಂದ ನಾ ಆ ಕಿಡಕಿ ಕಡೆ ನೋಡಿದೆ. ಯಾರೂ ಬೈಯಾಕ ಬರಲಿಲ್ಲ.